ಅಕ್ಕನ ಕೈಗುಣ ಮತ್ತು ನಾಲ್ಕು ಗೋಲ್ಡ್ ಫಿಶ್

ಅಕ್ಕನ ಮನೆಯ ಮೀನುಗಳು ಮೂರನೇ ಸಲವೂ ಸತ್ತವು ಅಂತ ಫೋನ್ ಬಂದಾಗ ನಾನು ಶಿಕಾರಿಪುರದ ನನ್ನ ಅಂಗಡಿಯಲ್ಲಿ ಸುಟ್ಟ ಮೋಟರೊಂದನ್ನು ಬಿಚ್ಚಿಕೊಂಡು ಕೂತಿದ್ದೆ.

ನನ್ನದು ಮೋಟರ್ ರಿವೈಂಡಿಂಗ್ ಕೆಲಸ. ಆದರೆ ಕೌಂಟರ್ ಮೇಲೆ ಒಂದು ಅಕ್ವೇರಿಯಂ ಇದೆ. ರಿಪೇರಿಗೆ ಬಂದವರೆಲ್ಲ ಪಂಪಿನ ಮಾತು ಬಿಟ್ಟು ಮೀನಿನ ಬಗ್ಗೆ ಕೇಳುತ್ತಾರೆ. ಹಾಗಾಗಿ ಈ ವಿಷಯದಲ್ಲಿ ನಾನು ದೊಡ್ಡ ಪಂಡಿತ ಅಂತ ನನಗೆ ನಾನೇ ಅಂದುಕೊಂಡಿದ್ದೆ.

ಸೊರಬದಲ್ಲಿರುವ ಅಕ್ಕ ಆಸೆಪಟ್ಟಳು ಅಂತ ಅವಳಿಗೂ ಒಂದು ಚಿಕ್ಕ ಗಾಜಿನ ಟ್ಯಾಂಕು, ನಾಲ್ಕು ಗೋಲ್ಡ್ ಫಿಶ್ ಕೊಟ್ಟಿದ್ದೆ.

ಜೊತೆಗೆ ಉಪದೇಶ ಬೇರೆ... ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದು ಮೀನಿನ ಕಿವಿರು ಸುಡುತ್ತದೆ. ನೀರು ಹಿಡಿದು ಒಂದು ದಿನ ತೆರೆದಿಡು, ಕ್ಲೋರಿನ್ ಹಾರಿಹೋಗುತ್ತದೆ, ಆಮೇಲೆ ಟ್ಯಾಂಕಿಗೆ ಹಾಕು.

ಅಕ್ಕ ಹೇಳಿದ ಮಾತು ತಪ್ಪುವವಳಲ್ಲ. ಆದರೂ ಮೀನು ಸತ್ತವು. ಮೊದಲ ಸಲ, ಅನ್ನ ಹಾಕಿರಬೇಕು ಅಂದೆ. ಎರಡನೇ ಸಲ, ಬಿಸಿಲಿಗೆ ಇಟ್ಟಿರಬೇಕು ಅಂದೆ. ಎರಡು ಸಲವೂ ಬೇರೆ ಮೀನು ಕೊಟ್ಟೆ.

ಈ ಸಲ ನಾನು ಬಾಯಿ ತೆರೆಯುವ ಮುಂಚೆ ಅವಳೇ ಅಂದಳು. "ನನ್ನ ಕೈಗುಣಾನೇ ಸರಿ ಇಲ್ಲ ಕಣಾ ತಮ್ಮಾ. ಇನ್ನು ನಂಗೆ ಮೀನು ಬ್ಯಾಡ."

ಬೇಡವಾದರೆ ಬಿಡು ಅಂತ ನಾನೂ ಸುಮ್ಮನಾಗುತ್ತಿದ್ದೆ. ಆದರೆ ಅವಳ ಮಗಳು ರೂಪಾ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಅವಳು ಫೋನ್ ಇಸಿದುಕೊಂಡು ಮೆಲ್ಲಗೆ ಹೇಳಿದಳು...

"ಮಾಮ, ಅಮ್ಮ ಕೂಸನ್ನ ಮುಟ್ತಾನೇ ಇಲ್ಲ. ಎಣ್ಣೆ ಹಚ್ಚಿ ನೀರು ಹಾಕೋಕೂ ಪಕ್ಕದ ಮನೆಯವರನ್ನ ಕರೀತಾಳೆ."

ನನಗೆ ಪಿತ್ತ ನೆತ್ತಿಗೇರಿತು. ಅವರ ಕೇರಿಯ ಅರ್ಧ ಮಕ್ಕಳಿಗೆ ನೀರು ಹಾಕಿದವಳು ಅಕ್ಕ. ಈಗ ಸ್ವಂತ ಮೊಮ್ಮಗಳನ್ನೇ ಮುಟ್ಟಲು ಹೆದರುತ್ತಾಳೆ, ಅದೂ ನಾನು ಕೊಟ್ಟ ಮೀನಿನ ದೆಸೆಯಿಂದ!

ಭಾನುವಾರ ಅಂಗಡಿ ಮುಚ್ಚಿ, ಹೊಸ ಮೀನಿನ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡು ಸೊರಬದ ಬಸ್ ಹತ್ತಿದೆ.

ಅಕ್ಕ ಕಾಫಿ ಕೊಟ್ಟಳು. ಕವರ್ ಕಡೆ ತಿರುಗಿಯೂ ನೋಡಲಿಲ್ಲ. ಟ್ಯಾಂಕನ್ನು ತೊಳೆದು ಬೋರಲು ಹಾಕಿಟ್ಟಿದ್ದಳು.

ಮೀನಿನ ನೀರು ಹೇಗೆ ಇಡ್ತೀಯ ತೋರಿಸು ಅಂದೆ. ಬಚ್ಚಲಮನೆಗೆ ಕರೆದುಕೊಂಡು ಹೋದಳು.

ಮೂಲೆಯಲ್ಲಿ ನಮ್ಮ ಅವ್ವನ ಕಾಲದ ತಾಮ್ರದ ಹಂಡೆ. ಹುಣಸೆಹುಳಿ ಹಚ್ಚಿ ಬೆಳಗಿದ್ದು, ಫಳಫಳ ಹೊಳೆಯುತ್ತಿದೆ.

"ಇದ್ರಾಗೇ ಇಡೋದು. ಪ್ರತೀ ಸಲ ಬೆಳಗಿ, ಆಮೇಲೆ ನೀರು ಹಿಡೀತೀನಿ. ಪ್ಲಾಸ್ಟಿಕ್ ಬಕೆಟ್ಟಿನ ನೀರು ಆ ಪಾಪದ ಜೀವಕ್ಕೆ ಹೆಂಗೆ ಹಾಕೋದು?"

ನಾನು ಹಂಡೆ ನೋಡುತ್ತಾ ನಿಂತುಬಿಟ್ಟೆ. ನಗುವೂ ಬಂತು, ಸಂಕಟವೂ ಆಯಿತು.

ತಾಮ್ರದ ಪಾತ್ರೆಯ ನೀರು ನಮಗೆ ಒಳ್ಳೆಯದು ಅಂತ ಕೇಳಿಕೊಂಡೇ ಬೆಳೆದವರು ನಾವು. ಮೀನಿಗೆ ಅದು ವಿಷ. ಮೀನಿಗೆ ಬರುವ ಬಿಳಿಚುಕ್ಕೆ ರೋಗದ ಕೆಲವು ಔಷಧಿಯಲ್ಲಿ ತಾಮ್ರ ಇರುತ್ತದೆ, ಅದನ್ನೂ ಹನಿ ಲೆಕ್ಕದಲ್ಲೇ ಹಾಕಬೇಕು. ಇಲ್ಲಿ ಹುಳಿ ಹಚ್ಚಿ ಉಜ್ಜಿದ ತಾಮ್ರದಲ್ಲಿ ನೀರು ಇಡೀ ದಿನ ನಿಂತಿದೆ.

ಕ್ಲೋರಿನ್ ಹೋಯಿತು, ತಾಮ್ರ ಬಂತು. ನೀರನ್ನು ಯಾವುದರಲ್ಲಿ ಇಡಬೇಕು ಅಂತ ಪಂಡಿತರು ಹೇಳಿಯೇ ಇರಲಿಲ್ಲ!

ವಿವರಿಸಿದೆ. ನನ್ನ ಸಮಾಧಾನಕ್ಕೆ ಹೇಳ್ತೀಯ ಅಂದಳು.

ಸರಿ, ಪೇಟೆಗೆ ಹೋಗಿ ಹೊಸ ಬಕೆಟ್ ತಂದೆ. ಸೋಪು ಮುಟ್ಟಿಸದೆ ಬರೀ ನೀರಲ್ಲಿ ತೊಳೆದು, ನಲ್ಲಿ ನೀರು ತುಂಬಿಸಿ, ಜೊತೆಗೆ ತಂದಿದ್ದ ಆಂಟಿ ಕ್ಲೋರಿನ್ ಹನಿ ಹಾಕಿದೆ. ಇನ್ನೊಂದು ದಿನ ಕಾಯುವ ತಾಳ್ಮೆ ನನಗಿರಲಿಲ್ಲ.

ಟ್ಯಾಂಕಿಗೆ ನೀರು ಹಾಕಿ, ಮೀನಿನ ಕವರನ್ನು ಕಟ್ಟಿದ ಹಾಗೇ ಅದರಲ್ಲಿ ತೇಲಿಬಿಟ್ಟೆ, ಒಳಗಿನ ಹೊರಗಿನ ತಂಪು ಒಂದಾಗಲಿ ಅಂತ. ಕವರ್ ಬಿಚ್ಚುವ ಹೊತ್ತಿಗೆ ಮಾತ್ರ ಕೈ ಹಿಂದೆ ಕಟ್ಟಿಕೊಂಡು ನಿಂತೆ. ನೀನೇ ಬಿಡು ಅಂದೆ.

"ಬ್ಯಾಡ ಮಾರಾಯ, ಇವೂ ಹೋದ್ರೆ?"

"ಹೋದ್ರೆ ನನ್ನ ಕೈಗುಣ. ನೀರು ರೆಡಿ ಮಾಡಿದ್ದು ನಾನಲ್ವಾ?"

ಬಿಟ್ಟಳು. ಕೂಡಲೇ ಕೈ ಸೆರಗಿಗೆ ಒರೆಸಿಕೊಂಡು ಹಿಂದೆ ಸರಿದಳು.

ಅಷ್ಟು ಜೋರಾಗಿ ಹೇಳಿ ಬಂದಿದ್ದೇನೆ, ವಾಪಸ್ ಬರುವಾಗ ಬಸ್ಸಿನಲ್ಲಿ ನನಗೇ ಅನುಮಾನ ಶುರುವಾಯಿತು. ಆಮೇಲೆ ದಿನಾ ಫೋನ್ ಮಾಡಿ ಮೀನಿನ ಯೋಗಕ್ಷೇಮ ಕೇಳಿದೆ. ಈಜುತ್ತಿವೆ ಅನ್ನುತ್ತಿದ್ದಳು. ಕೂಸಿನ ವಿಷಯ ಅವಳು ಹೇಳಲಿಲ್ಲ, ನಾನೂ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ರೂಪಾ ಒಂದು ಫೋಟೋ ಕಳಿಸಿದ್ದಾಳೆ.

ಬಚ್ಚಲಲ್ಲಿ ಅಕ್ಕ ಕಾಲು ಚಾಚಿ ಕೂತಿದ್ದಾಳೆ. ಕಾಲ ಮೇಲೆ ಕೂಸು ಮಲಗಿ ಬಾಯಿ ಅಗಲಿಸಿ ಅಳುತ್ತಿದೆ. ಪಕ್ಕದಲ್ಲಿ ಅದೇ ತಾಮ್ರದ ಹಂಡೆ, ಅದರ ತುಂಬ ಬಿಸಿನೀರು.

ಮೋಟರ್ ತೆಗೆದುಕೊಂಡು ಹೋಗಲು ಬಂದವರು ಎದುರಿಗೇ ಇದ್ದರು. ಆದರೂ ಕಣ್ಣು ಒರೆಸಿಕೊಂಡೆ...

ನಿಮ್ಮ ಮನೆಯಲ್ಲೂ ಯಾರಾದರೂ ತಮ್ಮ ಕೈಗುಣವೇ ಸರಿಯಿಲ್ಲ ಅಂತ ಸುಮ್ಮನೆ ಕೂತಿದ್ದಾರಾ? ಅವರು ನೀರು ಯಾವುದರಲ್ಲಿ ಇಡುತ್ತಾರೆ ಅಂತ ಒಮ್ಮೆ ಹೋಗಿ ನೋಡಿದ್ದೀರಾ?