ಉಪ್ಪು ಬಿದ್ದ ಕಸ್ಟರ್ಡು

ಹೋದ ವಾರ ಕೊಪ್ಪಳದಾಗ ಒಂದು ಹೊಸಾ ಡೆಸರ್ಟ್ ಅಂಗಡಿಗೆ ಹೋಗಿದ್ದೆ. ಎಸಿ, ಗಾಜಿನ ಬಾಗಲಾ, ತಣ್ಣನ ಕಸ್ಟರ್ಡಿನ ಮ್ಯಾಲೆ ಹಾಕ್ಕೊಳ್ಳಾಕ ಹದಿನೆಂಟು ನಮೂನಿ ಸಾಮಾನು. "ಇದು ಫಾರಿನ್ ರುಚಿ ರೀ ಸರ್, ಸುಟ್ಟ ಸಕ್ಕರಿಗೆ ಉಪ್ಪು ಹಾಕಿರ್ತೀವಿ" ಅಂತ ಕೌಂಟರಿನ ಹುಡುಗ ಒಂದು ಕಪ್ ಕೊಟ್ಟ. ಒಂದು ಚಮಚ ಬಾಯಾಗ ಇಟ್ಟೆ ನೋಡ್ರಿ... ವೆನಿಲಾ ವಾಸನಿ, ಸುಟ್ಟ ಸಕ್ಕರಿ ಕಹಿ, ಹಿಂದಿಂದ ಸಣ್ಣಗ ಉಪ್ಪು. ಅಲ್ಲೇ ಜೋರಾಗಿ ನಕ್ಕಬಿಟ್ಟೆ. ಫಾರಿನ್ ಅಂತ! ಈ ರುಚಿ ಹುಟ್ಟಿದ್ದು ಗಂಗಾವತ್ಯಾಗ, ಶಾದಿ ಮಹಲಿನ ಹಿತ್ತಲದಾಗ, ನನ್ನ ಹೊಟ್ಟಿಬಾಕತನದಿಂದ.

ನಮ್ಮ ಓಣ್ಯಾಗ ಚಾಚಿದೊಂದು ಅಂಗಡಿ ಇತ್ತು. ಓಣಿ ಮಂದಿಗೆಲ್ಲಾ ಆಕಿ ಚಾಚಿ, ನಮ್ಮ ಅಜ್ಜಿಗೂ ಚಾಚಿ. ಎರಡು ಬೆಂಚು, ಮನಸ್ಸು ಬಂದಾಗ ತಿರುಗೋ ಒಂದು ಫ್ಯಾನು. ಹಾಲು, ಸಕ್ಕರಿ, ಕಸ್ಟರ್ಡ್ ಪುಡಿ ಕೂಡಿಸಿ ಕಾಸಿ, ಆರಿಸಿ, ತಗಡಿನ ಡಬ್ಬಿಗೆ ಸುರಿತಿದ್ಲು. ಆ ಡಬ್ಬಿ ಕಟ್ಟಗಿ ಬಕೀಟಿನ್ಯಾಗ ಇಟ್ಟು, ಸುತ್ತಲೂ ಬರ್ಫ, ಹರಳುಪ್ಪು ತುಂಬಿ ಹಿಡಿಕಿ ತಿರುವೂದು. ತಾಸುಗಟ್ಲೆ ತಿರುವಿದ್ರ ಒಳಗ ಕಸ್ಟರ್ಡು ಬೆಣ್ಣಿ ಹಂಗ ಗಟ್ಟಿ ಆಗತಿತ್ತು. ಮ್ಯಾಲೆ ಟೂಟಿ ಫ್ರೂಟಿ, ಜೆಲ್ಲಿ, ನೆನಸಿದ ಸಬ್ಜಾ ಬೀಜ, ಗೋಡಂಬಿ ಚೂರು... ನಾ ಕಾಲೇಜು ಕಲತದ್ದು ಆ ಬೆಂಚಿನ ಮ್ಯಾಲೆ ಅಂತ ನಮ್ಮಪ್ಪ ಈಗಲೂ ಅಂತಾನ. ಸುಳ್ಳೇನಲ್ಲ.

ಚಾಚಿ ಮಗಳ ಲಗ್ನ ಗೊತ್ತಾತು. ವರ ಕೊಪ್ಪಳದಾವ. ಮಾತುಕತಿಗೆ ಬಂದ ವರನ ಮಾಮಾ ಬಿರ್ಯಾನಿ ಒಪ್ಪಿದ, ಮಹಲ್ ಒಪ್ಪಿದ, ಕಡೀಕ ಅಂದ: "ಐಸ್‌ಕ್ರೀಮ್ ಮಾತ್ರ ಮಶೀನಿಂದು ತರಸ್ರಿ. ಈ ಬಕೀಟಿಂದು ನಮ್ಮ ಮಂದಿ ಮುಂದ ಇಟ್ರ ನಗತಾರ."

ಚಾಚಿ ಮುಖ ಸಣ್ಣದಾತು. ಗಂಡ ತೀರಿದ ಮ್ಯಾಲೆ ಆ ಬಕೀಟ ತಿರುವೇ ಮಗಳನ್ನ ಓದಿಸಿದಾಕಿ. ಕೈಯಾಗಿನ ಚಾ ಕೆಳಗಿಟ್ಲು. "ಭಾಯಿಸಾಬ, ಊರ ಮಂದಿ ಲಗ್ನಕ್ಕೆಲ್ಲಾ ನಾನ ಮಾಡಿ ಕೊಟ್ಟೀನಿ. ನನ್ನ ಮಗಳ ದಾವತಿಗೆ ಮಂದೀದು ತರಲೇನು? ಒಬ್ಬರರ ಕಪ್ಪಿನ್ಯಾಗ ಬಿಟ್ರ ಆಮ್ಯಾಲೆ ಮಾತಾಡ್ರಿ."

"ನೋಡೋಣಂತ" ಅಂದ ಮಾಮಾ. ನಮ್ಮ ಗಣಿತದ ಮಾಸ್ತರು ನನ್ನ ಪೇಪರ್ ತಗೊಂಡಾಗ ಹಿಂಗ ಅಂತಿದ್ರು.

ಲಗ್ನದ ದಿನ ಹಿಡಿಕಿ ತಿರುವೂ ಕೆಲಸಕ್ಕ ನಾನ ಮುಂದ ಬಿದ್ದೆ. ನಾಕು ಡಬ್ಬಿ. ತಿರುವಿ ತಿರುವಿ ರಟ್ಟಿ ಶಾವಗಿ ಆದ್ವು. ನನ್ನ ಬೆವರಿಗೆ ತುಂಗಭದ್ರಾ ಎಡದಂಡಿ ಕಾಲುವಿ ತುಂಬತಿತ್ತು.

"ಖೋಡಿ, ಮುಚ್ಚಳ ತೆಗಿಬ್ಯಾಡ" ಅಂದಿದ್ಲು ಚಾಚಿ. "ತೆಗಿಲೇಬೇಕಂದ್ರ ಮೊದಲ ಒಣ ಅರಿವಿಲೆ ಒರಸು. ಮ್ಯಾಲೆ ಉಪ್ಪಿನ ನೀರು ನಿಂತಿರತೈತಿ."

"ಅಷ್ಟೂ ತಿಳಿಯಂಗಿಲ್ಲೇನ್ರಿ ನನಗ?" ಅಂದೆ.

ತಿಳಿದಿದ್ದಿಲ್ಲ. ಆಕಿ ಮಗಳನ್ನ ನೋಡಾಕ ಒಳಗ ಹೋಗೂದ ತಡ, ಒರಸಲಾರದ ಮುಚ್ಚಳ ಎತ್ತಿ ಒಂದು ಬೆರಳು ಅದ್ದಿ ನೆಕ್ಕಿದೆ. ಆಹಾ! ಮುಚ್ಚಿ ಮತ್ತ ತಿರುವಿದೆ. ಮುಚ್ಚಳದ ಮ್ಯಾಲಿನ ನೀರು ಒಳಗ ಇಳದದ್ದು ನನಗೇನು ಗೊತ್ತು?

ಬಡಸೂ ಮೊದಲ ಚಾಚಿ ಬಂದು ರುಚಿ ನೋಡಿದ್ಲು. ಹಂಗ ನಿಂತ್ಲು. "ಯಾ ಅಲ್ಲಾ... ಎಷ್ಟು ಡಬ್ಬಿ ತೆಗದಿ?"

"ನಾಕೂ."

"ನಾಕೂನಾ?"

"ಒಂದ ನೋಡಿದ್ರ ಉಳದವಕ್ಕ ಬ್ಯಾಸರ ಆಗಬಾರದಂತ..."

ಚಾಚಿ ಸೌಟು ಎತ್ತಿದ್ಲು. ನಾ ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಒಳಗ ಮಂದಿ ಬಿರ್ಯಾನಿ ಮುಗಸಾಕ ಹತ್ತಿದ್ರು, ಮೊದಲನೇ ಸಾಲಿನ್ಯಾಗ ಮಾಮಾ.

"ಮಶೀನ್ ಅಂಗಡಿಗೆ ಓಡಲೇನು ಚಾಚಿ?" ಅಂದೆ, ಅಳು ಬಂದಿತ್ತು.

"ಆ ಹೆಸರ ತೆಗದ್ರ ಕಾಲು ಮುರಿತೀನಿ. ಸಕ್ಕರಿ ತಾ. ದೊಡ್ಡ ಬಾಣಲಿ ತಾ. ಬಾಯಿ ಮುಚ್ಚು."

ಸಕ್ಕರಿ ಕಂದು ಆಗೂಮಟ ಸುಟ್ಲು. ಹುರದ ಶೇಂಗಾ ಹಾಕಿ ತುಪ್ಪಾ ಸವರಿದ ಪರಾತಿಗೆ ಸುರುವಿ, ಗಟ್ಟಿ ಆದಮ್ಯಾಲೆ ಕುಟ್ಟಿ ಪುಡಿ ಮಾಡಿದ್ಲು. "ಉಪ್ಪು ತೆಗ್ಯಾಕ ಬರಂಗಿಲ್ಲ ಬೇಟಾ, ಅಡಗಸಾಕ ಬರತೈತಿ" ಅಂತ ಎಲ್ಲಾ ಕಪ್ಪಿನ ಮ್ಯಾಲೂ ಕೈ ಬಿಚ್ಚಿ ಉದುರಿಸಿದ್ಲು.

ನಾ ಪರದೆ ಹಿಂದ ನಿಂತು ದೇವರು, ದರ್ಗಾ ಎಲ್ಲಾಕೂ ಹರಕಿ ಹೊತ್ತೆ. ಮಾಮಾ ಒಂದು ಚಮಚ ತಿಂದ. ಹುಬ್ಬು ಏರಿತು. ಇನ್ನೊಂದು ಚಮಚ. ಕಪ್ ಖಾಲಿ. ಎರಡನೇ ಕಪ್ಪು, ಮೂರನೇದು... ಕಡೀಕ ಎದ್ದು ಸೀದಾ ಹಿತ್ತಲಕ್ಕ ಬಂದ.

"ಬೆಹನ್, ಇದರಾಗ ಏನ್ ಹಾಕೀರಿ?"

ಚಾಚಿ ಸೆರಗು ಸರಿ ಮಾಡ್ಕೊಂಡ್ಲು. "ಮನಿ ಗುಟ್ಟು ಭಾಯಿಸಾಬ. ಮಶೀನಿಗೆ ಬರಂಗಿಲ್ಲ."

ಮಾಮಾ ದೊಡ್ಡದಾಗಿ ನಕ್ಕ. "ಸೋತೆ. ನಮ್ಮ ಅಮ್ಮಗೊಂದು ಕಪ್ ಕಟ್ಟಿ ಕೊಡ್ರಿ." ಆವತ್ತು ಬಡಿಸಿದ ಕಪ್ಪಿನ್ಯಾಗ ಒಂದರಾಗೂ ಏನೂ ಉಳಿದಿದ್ದಿಲ್ಲ. ಚಾಚಿ ಖಾಲಿ ಕಪ್ಪು ಒಂದರಾಗೊಂದು ಪೇರಿಸಿ, ಆ ಎತ್ತರ ನೋಡ್ಕೋತ ನಿಂತಿದ್ಲು. ಕುಸ್ತಿ ಗೆದ್ದ ಪೈಲ್ವಾನನೂ ಹಂಗ ನಿಂತಿರಲಿಕ್ಕಿಲ್ಲ.

ಆಮ್ಯಾಲೆ ಅಂಗಡ್ಯಾಗೂ ಅದನ್ನ ಶುರು ಮಾಡಿದ್ಲು, ಉಪ್ಪು ಅಳದು ಹಾಕಿ. ಗಿಣಿಗೇರಾ ಫ್ಯಾಕ್ಟರಿ ಹುಡುಗರು ರವಿವಾರ ಬೈಕ್ ಮ್ಯಾಲೆ ಬರತಿದ್ರು. ಕಂಡು ಹಿಡಿದಾವ ನಾನ ಅಂತ ನಾ ಎದಿ ಉಬ್ಬಿಸಿ ಹೇಳಿದ್ರ, "ಹೌದಪಾ, ಕಳ್ಳ ಬೆಕ್ಕು ಹಾಲು ಕಂಡು ಹಿಡಿದಂಗ" ಅಂತಿದ್ಲು.

ಹೋದ ವರ್ಷ ರಂಜಾನ್ ಇನ್ನೂ ಎಂಟು ದಿನ ಇರೂದರಾಗ ಚಾಚಿ ಹೋದ್ಲು... ಓಣಿ ಹುಡುಗರೆಲ್ಲಾ ಹೆಗಲು ಕೊಟ್ವಿ. ಅಲ್ಲೂ ನಾ ಒಂದು ಸಲ ಎಡವಿದೆ. ಯಾರೂ ಬೈಲಿಲ್ಲ. ಬೈಯಾಕಿ ಹೆಗಲ ಮ್ಯಾಲಿದ್ಲು.

ಈಗ ಮೊನ್ನಿ ಚಾಚಿ ಮೊಮ್ಮಗಳ ಹುಟ್ಟಿದಹಬ್ಬ ಇತ್ತು, ಕೊಪ್ಪಳದಾಗ, ಮಗಳ ಮನ್ಯಾಗ. ಊಟ ಮುಗಿಯಾಕ ಬಂದಾಗ ಅಡಗಿಯಾವ ಬಂದು, "ಐಸ್‌ಕ್ರೀಮ್ ಯಾವ ಅಂಗಡಿದು ತರಸ್ಲಿ ರೀ?" ಅಂತ ಕೇಳಿದ. ಮಾಮಾ, ಪೂರಾ ಮುದುಕ ಆಗ್ಯಾನ ಈಗ, ತಲಿ ಎತ್ತಲಾರದ ಅಂದ:

"ಈ ಮನ್ಯಾಗ ಐಸ್‌ಕ್ರೀಮ್ ಇಡಂಗಿಲ್ಲಪಾ. ಮಾಡಾಕಿ ಹೋಗ್ಯಾಳ."

ಎಲ್ಲಾರೂ ಖೀರು ಕುಡದು ಎದ್ವಿ.