ಜಂಪಣ್ಣನ ಜಾರು

ಚಳ್ಳಕೆರೆ ಪೇಟೆಯಲ್ಲಿ ಮುರುಗೇಶಪ್ಪನದು ಶೇಂಗಾ ಎಣ್ಣೆಯ ವ್ಯಾಪಾರ. ಅಪ್ಪನ ಕಾಲದಿಂದ ಬಂದ ಅಂಗಡಿ. ಆದರೆ ಊರಲ್ಲಿ ಯಾರೂ ಅವನನ್ನು ಎಣ್ಣೆ ಮುರುಗೇಶಪ್ಪ ಅನ್ನುವುದಿಲ್ಲ, ಮ್ಯಾಂಡೊಲಿನ್ ಮುರುಗೇಶಪ್ಪ ಅನ್ನುತ್ತಾರೆ. ಹಾಗೆ ಕರೆಯುವವರಿಗೆ ಅವನು ತೂಕದಲ್ಲಿ ಒಂದಿಷ್ಟು ಜಾಸ್ತಿಯೇ ಸುರಿಯುತ್ತಾನೆ ಅಂತ ಅವನ ಹೆಂಡತಿ ಮಂಗಳಗೌರಿಯ ದೂರು. ಮದುವೆಮನೆ, ಭಜನೆ, ಶಾಲೆಯ ವಾರ್ಷಿಕೋತ್ಸವ, ಎಲ್ಲಿಗೆ ಕರೆದರೂ ಹೋಗುತ್ತಿದ್ದ. ಇಡೀ ತಾಲೂಕಿಗೆ ಅವನೊಬ್ಬನೇ ಮ್ಯಾಂಡೊಲಿನ್ನಿನವನು. ಪಕ್ಕದ ತಾಲೂಕಿನಲ್ಲಿ ಇನ್ನೊಬ್ಬನಿದ್ದ. ಅವನ ಹೆಸರನ್ನು ಮುರುಗೇಶಪ್ಪ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅವನೇ ರಾಂಪುರದ ಜಂಪಣ್ಣ.

ಇಬ್ಬರೂ ಒಬ್ಬರೇ ಗುರುವಿನ ಶಿಷ್ಯರು. ಮೊಳಕಾಲ್ಮೂರಿನ ಹನುಮಂತರಾಯರು ಹರೆಯದಲ್ಲಿ ನಾಟಕ ಕಂಪನಿಯೊಂದರ ಮೇಳದಲ್ಲಿ ಮ್ಯಾಂಡೊಲಿನ್ ನುಡಿಸಿದ್ದವರು. ಕಂಪನಿ ಮುಚ್ಚಿದ ಮೇಲೆ ಹೆಂಡತಿಯ ತವರುಮನೆಗೆ ಬಂದು ರೇಷ್ಮೆ ಮಗ್ಗಕ್ಕೆ ಕೂತರು. ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಪಾಠ ಹೇಳುತ್ತಿದ್ದರು. ಮುರುಗೇಶಪ್ಪ ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ವಾಪಸಾಗುತ್ತಿದ್ದ. ಕೂಲಿ ಮನೆಯಿಂದ ಬಂದ ಜಂಪಣ್ಣ ಅಲ್ಲೇ ಉಳಿದು, ನೂಲು ಸುತ್ತಿಕೊಡುತ್ತ, ಗುರುಗಳ ಮನೆಯಲ್ಲೇ ಉಣ್ಣುತ್ತಿದ್ದ.

ಮುರುಗೇಶಪ್ಪನ ಹೊಟ್ಟೆಕಿಚ್ಚು ಶುರುವಾದದ್ದು ಆ ಚಾಪೆಯ ಮೇಲೆ. ಅವನು ಪಾಠ ಒಪ್ಪಿಸುವಾಗ ಗುರುಗಳು ಅವನ ಬೆರಳುಗಳನ್ನೇ ದಿಟ್ಟಿಸಿ ನೋಡುತ್ತಿದ್ದರು. ಒಂದೂ ತಪ್ಪಿಲ್ಲದಿದ್ದರೆ "ಸರಿ ಐತೆ" ಅನ್ನುವರು. ಜಂಪಣ್ಣ ನುಡಿಸುವಾಗ ಮಾತ್ರ ಕಣ್ಣು ಮುಚ್ಚುತ್ತಿದ್ದರು. ಜಂಪಣ್ಣ ತಾಳ ತಪ್ಪುತ್ತಿದ್ದ, ಎಷ್ಟೋ ಸಲ ಮುಂದಿನದು ಮರೆತು ನಿಂತುಬಿಡುತ್ತಿದ್ದ. ಆದರೂ ಗುರುಗಳು ಕಣ್ಣು ಬಿಡುತ್ತಿರಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಎತ್ತದೆ, ತಂತಿಯ ಮೇಲೇ ಜಾರಿಸಿಕೊಂಡು ಹೋಗುವುದು ಜಂಪಣ್ಣನ ರೂಢಿ. ಮ್ಯಾಂಡೊಲಿನ್ನಿನಲ್ಲಿ ಜೋಡಿ ತಂತಿ, ನಡುನಡುವೆ ಲೋಹದ ಮೆಟ್ಟಿಲು. ಅಲ್ಲಿ ಜಾರಿಸಿದರೆ ನಾದ ತುಂಡಾಗುತ್ತದೆ. ಜಂಪಣ್ಣನ ಕೈಯಲ್ಲಿ ತುಂಡಾಗುತ್ತಿರಲಿಲ್ಲ. ಮುರುಗೇಶಪ್ಪ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅದನ್ನು ಎಷ್ಟೋ ಸಲ ಯತ್ನಿಸಿ, ಕೊನೆಗೆ ಅದು ಶಾಸ್ತ್ರವೇ ಅಲ್ಲ ಅಂತ ತೀರ್ಮಾನಕ್ಕೆ ಬಂದ.

ಗುರುಗಳು ತೀರಿಕೊಂಡರು. ಅವರದೊಂದು ಧ್ವನಿಮುದ್ರಣವೂ ಉಳಿಯಲಿಲ್ಲ. ಯಾರಾದರೂ ಟೇಪ್ ರೆಕಾರ್ಡರ್ ತಂದರೆ, "ಡಬ್ಬಿಗೆ ತುಂಬಿದ್ದು ಹಳಸ್ತೈತೆ, ಎತ್ತಿಡ್ರಿ" ಅನ್ನುತ್ತಿದ್ದರು. ಜಂಪಣ್ಣ ಕೆಲವು ವರ್ಷ ಬಳ್ಳಾರಿ ಕಡೆಯ ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸಿದ. ಆಮೇಲೆ ಆ ಜಾಗಕ್ಕೆ ಕೀಬೋರ್ಡ್ ಬಂತು. ಅವನು ರಾಂಪುರದ ಬಸ್ ಸ್ಟಾಂಡಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಗಾಡಿ ಇಟ್ಟುಕೊಂಡ. ಮುರುಗೇಶಪ್ಪನಿಗೆ ಆ ಸುದ್ದಿ ತಿಳಿದ ದಿನ ಊಟ ರುಚಿಸಿತ್ತು. ಅವನು ಬೆಂಗಳೂರಿನ ಸ್ಟುಡಿಯೋಕ್ಕೆ ಹೋಗಿ ಕಲ್ಯಾಣಿ ರಾಗದ ಸಿ.ಡಿ. ಮಾಡಿಸಿಕೊಂಡು ಬಂದ. ಮಗಳ ಮದುವೆಗೆ ಬಂದವರಿಗೆಲ್ಲ ತಾಂಬೂಲದ ಜೊತೆ ಹಂಚಿದ. ಮುಂದಿನ ವರ್ಷ ಶೇಂಗಾ ಖರೀದಿಗೆ ಹೋದಾಗ, ಸೂರ್ಯಕಾಂತಿ ಹೊಲದಲ್ಲಿ ಗಿಳಿ ಓಡಿಸಲು ದಾರಕ್ಕೆ ಕಟ್ಟಿದ್ದ ಸಿ.ಡಿ.ಯ ಮೇಲೆ ತನ್ನದೇ ಫೋಟೋ ಬಿಸಿಲಿಗೆ ಮಿಂಚುವುದು ಕಂಡಿತು.

ಇಂಥ ಮುರುಗೇಶಪ್ಪನ ಬದುಕಿಗೆ ಹೋದ ವರ್ಷ ಶಶಿಕಾಂತ್ ಬಂದ. ದೊಡ್ಡಉಳ್ಳಾರ್ತಿ ಹುಲ್ಲುಗಾವಲಿನ ಕಡೆಯ ಸಂಶೋಧನಾ ಕ್ಯಾಂಪಸ್ಸೊಂದರಲ್ಲಿ ಅವನಿಗೆ ಕೆಲಸ, ಚಳ್ಳಕೆರೆಯಲ್ಲಿ ಬಾಡಿಗೆ ಮನೆ. ಲೋಕದಲ್ಲಿ ಎಲ್ಲೆಲ್ಲಿ ಮ್ಯಾಂಡೊಲಿನ್ ನುಡಿಸುತ್ತಾರೋ ಅಲ್ಲಿನ ರೆಕಾರ್ಡುಗಳನ್ನೆಲ್ಲ ಗುಡ್ಡೆ ಹಾಕಿಕೊಳ್ಳುವ ಹುಚ್ಚು ಅವನಿಗೆ. ಅವುಗಳಲ್ಲಿ ಇದನ್ನು ಕೇಳದೆ ಸಾಯಬಾರದು ಅನ್ನಿಸಿದ್ದನ್ನು ಆರಿಸಿ, ಒಂದು ಭಾನುವಾರ ಬೆಳಿಗ್ಗೆ ತನ್ನ ಮನೆಯಲ್ಲೇ ಊರಿನ ಆಸಕ್ತರಿಗೆ ಕೇಳಿಸುತ್ತೇನೆ ಅಂದ. ಮುರುಗೇಶಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತ. ತನ್ನ ಸಿ.ಡಿ.ಯನ್ನು ಹಿಂದಿನ ವಾರವೇ ಕೊಟ್ಟಿದ್ದ.

ಶಶಿಕಾಂತ್ ಮೊದಲು ಮದರಾಸಿನ ಕಡೆಯದೊಂದು ಕಛೇರಿ ಹಾಕಿದ. ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ತೋಡಿ ರಾಗ. ಗಮಕ ವೀಣೆಯ ಹಾಗೆ ತೂಗುತ್ತಿತ್ತು. 'ಕರೆಂಟಿದ್ರೆ ನಾನೂ ನುಡಿಸ್ತೀನಿ' ಅಂದುಕೊಂಡ ಮುರುಗೇಶಪ್ಪ. ಆಮೇಲೆ ಇಟಲಿಯ ದೋಣಿ ಹಾಡು. ನುಡಿಸುವವನು ಒಂದೇ ತಂತಿಯನ್ನು ಎಡೆಬಿಡದೆ ಮೀಟುತ್ತ, ಸ್ವರವನ್ನು ಎಳೆ ಹರಿಯದ ಹಾಗೆ ಹಿಡಿದಿದ್ದ. ನುಡಿಸಿದವನು ಸತ್ತು ಬಹಳ ಕಾಲವಾಯಿತು ಅಂತ ಶಶಿಕಾಂತ್ ಹೇಳಿದಾಗ ಮುರುಗೇಶಪ್ಪನಿಗೆ ಸ್ವಲ್ಪ ಹಗುರಾಯಿತು. ಅಮೆರಿಕದ ಬೆಟ್ಟದ ಜನರ ಹಾಡಿನಲ್ಲಿ ಮ್ಯಾಂಡೊಲಿನ್ ಒಮ್ಮೆ ಡೋಲಿನ ಹಾಗೆ ತಾಳ ಕೊಟ್ಟು, ಮರುಕ್ಷಣ ಕುದುರೆ ಬಿಟ್ಟ ಹಾಗೆ ಓಡಿತು. ಬ್ರೆಜಿಲ್ಲಿನದು ಬಂತು. ಹಳೆಯ ಹಿಂದಿ ಸಿನಿಮಾದ ಹಾಡಿನ ನಡುವಿನ ಒಂದು ತುಣುಕು ಬಂತು. ಜನ ತಲೆದೂಗುತ್ತಿದ್ದರು. ಮುರುಗೇಶಪ್ಪ ತಲೆದೂಗುತ್ತಿದ್ದವರನ್ನು ತಿರುಗಿ ನೋಡುತ್ತಿದ್ದ. ತನ್ನ ಕಲ್ಯಾಣಿಗೆ ಇವರಲ್ಲಿ ಒಬ್ಬರೂ ಹೀಗೆ ತೂಗಿರಲಿಲ್ಲ.

"ಕೊನೇದು ನಮ್ಮ ಕಡೆಯದು," ಅಂದ ಶಶಿಕಾಂತ್. ಮುರುಗೇಶಪ್ಪ ಅಂಗಿಯ ಕಾಲರ್ ಸರಿಮಾಡಿಕೊಂಡ. "ಬಳ್ಳಾರಿಯ ಗುಜರಿ ಅಂಗಡೀಲಿ ಒಂದು ಕ್ಯಾಸೆಟ್ ಸಿಕ್ತು. ಭಜನೆ ಮೇಳದ್ದು. ಮೇಲಿನ ಚೀಟಿ ಹರಿದುಹೋಗಿದೆ, ಯಾರದು ಅಂತ ಗೊತ್ತಿಲ್ಲ. ಯಾರಿಗಾದರೂ ಗುರುತು ಹತ್ತಿದ್ರೆ ಹೇಳಿ."

ಟೇಪಿನ ಗರಗರ ಸದ್ದಿನೊಳಗಿಂದ ತತ್ವಪದದ ಒಂದು ಧಾಟಿ ಎದ್ದಿತು. ಎರಡನೇ ಸಾಲಿಗೆ ಬೆರಳು ತಂತಿ ಬಿಡದೆ ಕೆಳಗಿನಿಂದ ಮೇಲಕ್ಕೆ ಜಾರಿತು. ನಾದ ತುಂಡಾಗಲಿಲ್ಲ. ಮುರುಗೇಶಪ್ಪನ ಎದೆಯೊಳಗೆ ಒಗ್ಗರಣೆ ಸಿಡಿದ ಹಾಗಾಯಿತು. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು.

ಮುಗಿದ ಮೇಲೆ ಶಶಿಕಾಂತ್ ಮುರುಗೇಶಪ್ಪನ ಕಡೆ ನೋಡಿದ. "ನಿಮಗೆ ಗೊತ್ತಿರಬಹುದು ಸರ್."

ಜಂಪಣ್ಣ ಅಂತ ಹೇಳಲು ನಾಲಿಗೆ ಹೊರಳಲಿಲ್ಲ. ಗೊತ್ತಿಲ್ಲ ಅನ್ನಲು ಮರ್ಯಾದೆ ಬಿಡಲಿಲ್ಲ. "ನಮ್ಮ ಗುರುಗಳದು," ಅಂದ ಮುರುಗೇಶಪ್ಪ. "ಮೊಳಕಾಲ್ಮೂರಿನ ಹನುಮಂತರಾಯರದು."

ಶಶಿಕಾಂತ್ ಅದನ್ನು ಆ ಹೆಸರಿನಲ್ಲೇ ಯೂಟ್ಯೂಬಿಗೆ ಹಾಕಿದ. ಅಲ್ಲಿಂದ ವಾಟ್ಸಾಪಿನಲ್ಲಿ ಊರೂರು ತಿರುಗಿತು. ಅಂಗಡಿಗೆ ಬಂದವರು, "ಏನು ಕೈರೀ ನಿಮ್ಮ ಗುರುಗಳದು," ಅನ್ನುತ್ತಿದ್ದರು. ಆ ಹೊಗಳಿಕೆಯಲ್ಲಿ ಶಿಷ್ಯನಿಗೂ ಒಂದು ಪಾಲು ಸಿಗುತ್ತಿತ್ತು. ಆದರೂ ಮುರುಗೇಶಪ್ಪನಿಗೆ ಒಂದು ಆಸೆ ಕಾಡತೊಡಗಿತು. ಜಂಪಣ್ಣನ ನುಡಿಸಾಣಿಕೆಗೆ ಬೇರೆಯವರ ಹೆಸರು ಬಿದ್ದದ್ದನ್ನು ಕೇಳಿದಾಗ ಅವನ ಮುಖ ಹೇಗಾಗಿರಬಹುದು ಅಂತ ಕಣ್ಣಾರೆ ನೋಡುವ ಆಸೆ. ಬಳ್ಳಾರಿಗೆ ವ್ಯಾಪಾರದ ಕೆಲಸ ಹಚ್ಚಿಕೊಂಡು ರಾಂಪುರದಲ್ಲಿ ಇಳಿದ.

ಜಂಪಣ್ಣ ಬಾಣಲೆಯ ಮುಂದೆ ನಿಂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಇವನನ್ನು ಕಂಡದ್ದೇ ಜಾಲರಿ ಸೌಟು ಕೆಳಗಿಟ್ಟು, "ರಾ ಅಣ್ಣಾ, ರಾ," ಅಂತ ಸ್ಟೂಲು ಎಳೆದ. "ನೀನೇ ಬಂದ್ಯಲ್ಲ. ನಾನೇ ಬರೋಣ ಅಂತಿದ್ದೆ. ಆ ಪದ ಕೇಳಿದ್ಯಾ ಮೊಬೈಲಿನಾಗೆ?"

"ಕೇಳ್ದೆ."

"ಅದು ನಂದು ಮುರುಗೇಶಣ್ಣ. ನಮ್ಮ ಭಜನೆ ಮೇಳದ ಕ್ಯಾಸೆಟ್ಟು. ಜನ ಅದನ್ನ ಗುರುಗಳದು ಅಂದವ್ರೆ." ಜಂಪಣ್ಣನ ಕಣ್ಣು ತುಂಬಿತ್ತು. "ನೀನು ಸಂಜೆ ಬಸ್ಸಿಗೆ ಹೋಗ್ತಿದ್ದೆ, ನಿಂಗೆ ಗೊತ್ತಿಲ್ಲ. ದೀಪ ಹಚ್ಚೋ ಹೊತ್ತಿಗೆ ಗುರುಗಳು ಒಬ್ರೇ ಕೂತು ನುಡಿಸೋರು. ಪಾಠದಾಗೆ ಯಾವತ್ತೂ ಜಾರಿಸ್ತಿರಲಿಲ್ಲ, ಒಬ್ರೇ ಇದ್ದಾಗ ಜಾರಿಸೋರು. ನಾನು ಮಗ್ಗದ ಹಿಂದೆ ನೂಲು ಸುತ್ಕೊಂತ ಕೇಳ್ತಿದ್ದೆ. ಅದನ್ನೇ ಹಿಡಿಯಾಕೆ ಇಷ್ಟು ವರ್ಷ ಒದ್ದಾಡಿದ್ದು. ಬಂದೈತೋ ಇಲ್ವೋ ಅಂತ ಕೇಳಾಕೆ ಅವರೇ ಇಲ್ಲ. ಈಗ ಯಾರೋ ಪುಣ್ಯಾತ್ಮ, ಕಿವಿ ಇದ್ದೋನು, ಇದು ಹನುಮಂತರಾಯರ ಕೈ ಅಂದನಲ್ಲ. ಇನ್ನೇನ್ ಬೇಕು ನಂಗೆ?"

ಅವನ ಹೆಂಡತಿ ದುರುಗಕ್ಕ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ನುಡಿಸಿದ್ದು ನೀನು, ಹೆಸ್ರು ಇನ್ನೊಬ್ರದು. ಅದಕ್ಕೆ ಹಬ್ಬ ಮಾಡ್ತಾನೆ ನೋಡ್ರಿ ಈವಯ್ಯ," ಅಂದಳು.

ಜಂಪಣ್ಣ ಕೊಟ್ಟ ಮೆಣಸಿನಕಾಯಿ ಮುರುಗೇಶಪ್ಪನ ಕೈಯಲ್ಲೇ ಆರಿ ಹೋಯಿತು. ಗುರುಗಳು ಜಾರಿಸುತ್ತಿದ್ದರು. ತಾನು ಶಾಸ್ತ್ರವಲ್ಲ ಅಂದುಕೊಂಡದ್ದು ಗುರುಗಳದೇ ಸೊತ್ತು. ಅದು ಇವನ ಕಿವಿಗೆ ಬಿದ್ದಿದೆ, ತನಗೆ ಬಿದ್ದಿಲ್ಲ. ಹೆಸರು ಕಿತ್ತುಕೊಂಡರೆ ಇವನು ಬಡವಾಗುತ್ತಾನೆ ಅಂದುಕೊಂಡಿದ್ದ. ಇವನು ನೋಡಿದರೆ ಕಿರೀಟ ಇಟ್ಟುಕೊಂಡವನ ಹಾಗೆ ಬಾಣಲೆ ಮುಂದೆ ನಿಂತಿದ್ದಾನೆ. ಕಿರೀಟ ಇಟ್ಟವನು ತಾನೇ.

ಬಳ್ಳಾರಿಗೆ ಹೋಗಲಿಲ್ಲ. ಎದುರಿನ ಬಸ್ಸು ಹತ್ತಿ ಮನೆಗೆ ಬಂದ. ಒಂದು ವಾರ ಅಂಗಡಿಯಲ್ಲಿ ಕೂತವರ ಮೇಲೆಲ್ಲ ರೇಗಿದ. ಮಂಗಳಗೌರಿ ಕೇಳಿದಾಗ, "ಅವನು ಖುಷಿಯಾಗಿದಾನೆ ಕಣೆ," ಅಂದ. "ಯಾರು?" ಅಂದಳು. ಇವನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟ.

ಕೊನೆಗೆ ಶಶಿಕಾಂತನ ಮನೆಗೆ ಹೋಗಿ, ಕೂರುವ ಮೊದಲೇ ಹೇಳಿದ. "ಆ ಕ್ಯಾಸೆಟ್ ಹನುಮಂತರಾಯರದಲ್ಲ. ರಾಂಪುರದ ಜಂಪಣ್ಣ ಅಂತ ಒಬ್ಬ, ಅವಂದು. ಹೆಸರು ಬದಲಾಯ್ಸಿ."

"ಖಾತ್ರಿನಾ ಸರ್? ಅವತ್ತು ನೀವೇ..."

"ಅವತ್ತೂ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ."

"ಈಗ ಬಂದು ನಿಜ ಹೇಳಿದ್ರಲ್ಲ, ದೊಡ್ಡ ಮನಸ್ಸು," ಅಂದ ಶಶಿಕಾಂತ್.

"ಇದೂ ಹೊಟ್ಟೆಕಿಚ್ಚೇ," ಅಂದ ಮುರುಗೇಶಪ್ಪ. ಶಶಿಕಾಂತನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ಗೋಜಿಗೆ ಮುರುಗೇಶಪ್ಪ ಹೋಗಲಿಲ್ಲ.

ಹೆಸರು ಬದಲಾಯಿತು. ಶಶಿಕಾಂತ್ ರಾಂಪುರಕ್ಕೆ ಹೋಗಿ ಜಂಪಣ್ಣನನ್ನು ಕಾಣಬೇಕು ಅಂದಾಗ ಮುರುಗೇಶಪ್ಪನೇ ಕರೆದುಕೊಂಡು ಹೋದ. ಶಶಿಕಾಂತ್ ದಾರಿಯ ಅಂಗಡಿಯಲ್ಲಿ ಹಣ್ಣು ಕೊಳ್ಳುತ್ತಿದ್ದಾಗ ಇವನು ಮುಂದೆ ನಡೆದು ಗಾಡಿಯ ಹತ್ತಿರ ನಿಂತ. ಹೆಸರು ಬದಲಾದ ಸುದ್ದಿ ಜಂಪಣ್ಣನಿಗೆ ಮುಟ್ಟಿತ್ತು, ಮುಖ ಬಾಡಿತ್ತು. ಈ ಸಲ ಸ್ಟೂಲು ಎಳೆಯಲಿಲ್ಲ.

"ಹೆಸ್ರು ತೆಗ್ಸಿಬಿಟ್ರು ಅಣ್ಣಾ," ಅಂದ. "ಗುರುಗಳ ಕೈ ಅಲ್ಲ ಅಂತ ಯಾರೋ ಹೇಳಿದ್ರಂತೆ."

"ನಾನೇ ಹೇಳಿದ್ದು. ಮೊದ್ಲು ಗುರುಗಳದು ಅಂದೋನೂ ನಾನೇ."

ಜಂಪಣ್ಣ ಬಾಣಲೆಯಿಂದ ಮೆಣಸಿನಕಾಯಿ ತೆಗೆದು ಎಣ್ಣೆ ಸೋರಲು ಬಿಟ್ಟ. "ಎರಡನೇ ಸಲ ಹೇಳಬಾರದಾಗಿತ್ತು ನೀನು," ಅಂದ.

"ಮೊದಲನೇ ಸಲಾನೇ ಹೇಳಬಾರದಾಗಿತ್ತು," ಅಂದಳು ದುರುಗಕ್ಕ. ಅಷ್ಟು ಹೇಳಿ ಅವಳೇ ಸ್ಟೂಲನ್ನು ಕಾಲಿನಿಂದ ಇತ್ತ ನೂಕಿದಳು.

ಮುರುಗೇಶಪ್ಪ ಕೂತ. ಕೂತವನು ಕ್ಷಮೆ ಕೇಳುವ ಬದಲು, "ಆ ಜಾರು ಹೆಂಗೆ ಹಿಡೀತೀಯಾ, ತೋರಿಸು," ಅಂದ. ಜಂಪಣ್ಣ ಅವನ ಮುಖ ನೋಡಿದ. ಆಮೇಲೆ ಕೈ ಒರೆಸಿಕೊಂಡು, ಗಾಡಿಯನ್ನು ಹೆಂಡತಿಗೆ ಬಿಟ್ಟು, ಮನೆಯ ಕಡೆ ನಡೆದ. ಶಶಿಕಾಂತನೂ ಬಂದು ಸೇರಿಕೊಂಡ. ಜಂಪಣ್ಣ ಏನೂ ಮುಚ್ಚಿಡಲಿಲ್ಲ. ಬೆರಳನ್ನು ಎಷ್ಟು ಒತ್ತಬೇಕು, ಮೆಟ್ಟಿಲು ದಾಟುವಾಗ ಎಲ್ಲಿ ಸಡಿಲ ಬಿಡಬೇಕು, ಎಲ್ಲ ನಿಧಾನವಾಗಿ ತೋರಿಸಿದ. ಮುರುಗೇಶಪ್ಪನ ಬೆರಳಿಗೆ ಅದು ಬರಲಿಲ್ಲ.

ಅಂದಿನಿಂದ ಭಾನುವಾರಗಳಂದು ಮುರುಗೇಶಪ್ಪ ರಾಂಪುರಕ್ಕೆ ಹೋಗುತ್ತಾನೆ. ಸಂಜೆ ಬಸ್ಸು ಹಿಡಿಯುವ ಆತುರ ಈಗ ಇಲ್ಲ. ಜಾರು ಇನ್ನೂ ಕೈಗೆ ಹತ್ತಿಲ್ಲ. ಆದರೆ ತಾಳ ತಪ್ಪದ ಅವನ ಕೈಯ ಪಕ್ಕದಲ್ಲಿ ಜಂಪಣ್ಣನೂ ಈಗ ದಾರಿ ತಪ್ಪುವುದಿಲ್ಲ. ಶ್ರಾವಣದಲ್ಲಿ ಶಶಿಕಾಂತ್ ಮೈಕು ತಂದಿಟ್ಟು ಇಬ್ಬರ ಜೋಡಿ ನುಡಿಸಾಣಿಕೆಯನ್ನು ರೆಕಾರ್ಡ್ ಮಾಡಿದ. ಕೇಳಿಸಿದಾಗ ಮುರುಗೇಶಪ್ಪ, "ನಂದು ಸ್ವಲ್ಪ ಸಣ್ಣಗೆ ಕೇಳ್ತೈತಲ್ಲ," ಅಂದು ಎರಡು ಸಲ ಜೋರು ಮಾಡಿಸಿದ. ಹೆಸರು ಯಾರದು ಮೊದಲು ಹಾಕಲಿ ಅಂತ ಶಶಿಕಾಂತ್ ಕೇಳಿದ. ಜಂಪಣ್ಣ ಮುರುಗೇಶಪ್ಪನ ಕಡೆ ಕೈ ತೋರಿಸಿದ.

"ಅವಂದೇ ಹಾಕ್ರಿ," ಅಂದ ಮುರುಗೇಶಪ್ಪ.

ಮನೆಗೆ ಬಂದು ಮಂಗಳಗೌರಿಗೆ ಅದನ್ನು ಹೇಳಿದಾಗ ಅವಳು ಅಚ್ಚರಿಯಿಂದ ನೋಡಿದಳು. ಮುರುಗೇಶಪ್ಪ ಚಪ್ಪಲಿ ಬಿಡುತ್ತ ಹೇಳಿದ. "ಬೇರೆ ಏನಿಲ್ಲ. ಅಕ್ಷರಮಾಲೇಲಿ 'ಜ' ಮೊದ್ಲು ಬರ್ತೈತೆ, 'ಮ' ಆಮೇಲೆ. ಅದಕ್ಕೆ."