ಗೋಡೆಯ ಮೇಲಿನ ಅಪ್ಪ

ಮುನಿರಾಜನಿಗೆ ಅಪ್ಪ ಅಂದರೆ ಗೋಡೆಯ ಮೇಲಿನ ಒಂದು ಫೋಟೊ, ಅಷ್ಟೇ. ನಂದಿದುರ್ಗ ಚಿನ್ನದ ಗಣಿಯೊಳಗೆ ಬಂಡೆ ಸಿಡಿದು ಮುನಿಸ್ವಾಮಪ್ಪ ಸತ್ತಾಗ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ತಾಯಿ ಅಮ್ಮಾಜಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡು, ಗಣಿಯವರ ಲೈನು ಮನೆ ಬಿಟ್ಟು, ಕ್ಯಾಸಂಬಳ್ಳಿ ಪಕ್ಕದ ತವರಿಗೆ ಬಂದುಬಿಟ್ಟಳು. ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು ಪೇಪರಿನಿಂದ ಕತ್ತರಿಸಿದ ಗಂಡನ ಫೋಟೊ. ತಲೆಯ ಮೇಲೆ ಗಣಿಯ ಟೋಪಿ, ಕೊರಳಿಗೆ ಚೌಕಳಿ ಟವಲ್ಲು, ಮುಖದ ತುಂಬ ದೂಳು, ದೂಳಿನೊಳಗೂ ಎದ್ದು ಕಾಣುವ ದಪ್ಪ ಮೀಸೆ. ಅದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದಳು.

ಮುನಿರಾಜ ಬಂಗಾರಪೇಟೆಯಿಂದ ದಿನಾ ಬೆಂಗಳೂರಿನ ರೈಲು ಹಿಡಿದು ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗಿಬರುವ ಆಳು. ಬೆಳಗ್ಗೆ ಫೋಟೊಗೆ ಕೈಮುಗಿಯದೆ ಹೊಸಿಲು ದಾಟುತ್ತಿರಲಿಲ್ಲ. ಮೀಸೆ ಚಿಗುರಿದ ವಯಸ್ಸಿನಿಂದ ಅಪ್ಪನಂಥದ್ದೇ ದಪ್ಪ ಮೀಸೆ ಬಿಟ್ಟಿದ್ದ. ಊರವರೂ ಸುಮ್ಮನಿರಬೇಕಲ್ಲ, 'ಥೇಟ್ ನಿಮ್ಮಪ್ಪನೇ ಕಣ್ಲಾ' ಎಂದು ಅವನನ್ನು ಉಬ್ಬಿಸಿದ್ದರು. ಮುನಿಸ್ವಾಮಪ್ಪನನ್ನು ಕಂಡವರು ಆ ಊರಲ್ಲಿ ಎಷ್ಟು ಜನವಿದ್ದರೋ ದೇವರೇ ಬಲ್ಲ.

ಬಣ್ಣದ ಸ್ಕ್ರೀನಿನ ಮೊಬೈಲುಗಳು ಬಡವರ ಜೇಬಿಗೂ ಇಳಿಯತೊಡಗಿದ್ದ ಕಾಲ ಅದು. ಬಂಗಾರಪೇಟೆ ಸ್ಟೇಷನ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ಗಿರಿಯಿಂದ ಮುನಿರಾಜ ಹಳೆಯದೊಂದನ್ನು ಕೊಂಡಿದ್ದ. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಹಿರಿಯರ ಎಡೆಗೆ ಸಾಮಾನು ತರಲು ಪೇಟೆಗೆ ಬಂದವನು ಗಿರಿಯ ಅಂಗಡಿಯಲ್ಲಿ ಕೂತ.

"ಅಣ್ಣಾ, ಇದ್ರಾಗೆ ಇಂಟರ್ನೆಟ್ಟೂ ಬತ್ತದೆ. ಏನ್ ಬೇಕು ಏಳು, ತೋರುಸ್ತೀನಿ," ಅಂದ ಗಿರಿ.

"ನಮ್ಮ ನಂದಿದುರ್ಗ ಗಣಿ ಬತ್ತದಾ?" ಮುನಿರಾಜ ಕೇಳಿದ್ದು ತಮಾಷೆಗೆ.

ಗಿರಿ ಒಂದೊಂದು ಅಕ್ಷರಕ್ಕೆ ಮೂರು ಮೂರು ಸಲ ಗುಂಡಿ ಒತ್ತಿದ. ತರಿಸಿದ ಟೀ ಕುಡಿದು ಮುಗಿದರೂ ಸ್ಕ್ರೀನಿನ ಮೇಲೆ ಏನೋ ಒಂದು ಸುತ್ತುತ್ತಲೇ ಇತ್ತು. ಕೊನೆಗೆ, ಗಣಿ ಕೆಲಸದವರ ಮಕ್ಕಳು ಸೇರಿ ಮಾಡಿದ ಯಾವುದೋ ಪುಟ ತೆರೆದು, ಫೋಟೊವೊಂದು ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯತೊಡಗಿತು. ಬಣ್ಣದ ಸ್ಕ್ರೀನಿಗೆ ಬಂದದ್ದು ಕಪ್ಪು ಬಿಳುಪು ಫೋಟೊ. ಮೊದಲು ಆಕಾಶ, ಆಮೇಲೆ ಗಣಿಬಾಯಿಯ ದೊಡ್ಡ ಚಕ್ರ, ಆಮೇಲೆ ಸಾಲು ಟೋಪಿಗಳು. ಹಣೆ ಬಂತು, ಕಣ್ಣು ಬಂತು. ನಡುವಿನವನ ಮೀಸೆ ಬಂದದ್ದೇ ಮುನಿರಾಜ ಎದ್ದು ನಿಂತ.

"ಲೇ ಗಿರಿ! ನಮ್ಮಪ್ಪ! ನಮ್ಮಪ್ಪ ಕಣ್ಲಾ!"

ಪಕ್ಕದ ಅಂಗಡಿಯವರೂ ಓಡಿಬಂದರು. ಗಿರಿ ಫೋಟೊದ ಕೆಳಗಿದ್ದ ಇಂಗ್ಲಿಷ್ ಸಾಲನ್ನು ಓದಿಕೊಂಡು, ಮುಖ ಸಣ್ಣದು ಮಾಡಿದ. "ಅಣ್ಣಾ, 'ನಡುವೆ ಟವಲ್ ಸುತ್ತಿಕೊಂಡಿರುವವರು ನಮ್ಮ ತಂದೆ ಕುಪ್ಪುಸ್ವಾಮಿ. ಈಗ ಕೋರಮಂಡಲ್‌ನಲ್ಲಿ ಆರೋಗ್ಯವಾಗಿದ್ದಾರೆ' ಅಂತೈತೆ. ಕಲಾ ಅನ್ನೋರು ಬರ್ದವ್ರೆ."

"ಸರ್ಯಾಗಿ ಓದ್ಲಾ!"

ಗಿರಿ ಇನ್ನೊಮ್ಮೆ ಓದಿದ. ಅದೇ ಸಾಲು, ಅದೇ ಹೆಸರು. ಮುನಿರಾಜ ಮೊಬೈಲು ಕಿತ್ತುಕೊಂಡು ನೋಡಿದ. ತನ್ನ ಅಪ್ಪನನ್ನು ಬೇರೆ ಯಾವಳೋ ನಮ್ಮ ತಂದೆ ಅನ್ನುತ್ತಿದ್ದಾಳೆ! ಬದುಕಿರುವವರ ಫೋಟೊಗೆ ಹಾರ ಹಾಕಿದರೇ ಆಯುಸ್ಸು ಕಡಿಮೆ ಎಂದು ನಂಬುವ ಸೀಮೆಯಲ್ಲಿ ಹುಟ್ಟಿ, ಅವನು ವರ್ಷಾ ವರ್ಷಾ ಬದುಕಿರುವವನ ಮುಂದೆ ಮುದ್ದೆ, ಬಾಡು, ಬೀಡಿ ಇಟ್ಟು ಎಡೆ ಮಾಡಿದ್ದ. ಅದಕ್ಕಿಂತ ಕೆಟ್ಟ ಯೋಚನೆಯೊಂದು ಬಂತು. ಅಪ್ಪ ಸತ್ತೇ ಇಲ್ಲವೇನೋ. ಹೆಸರು ಬದಲಿಸಿಕೊಂಡು ಕೋರಮಂಡಲ್‌ನಲ್ಲಿ ಇನ್ನೊಂದು ಸಂಸಾರ ಹೂಡಿದನೇನೋ. ಅಮ್ಮನಿಗೆ ಅದು ಗೊತ್ತಿತ್ತೇನೋ. ಫೋಟೊವನ್ನು ಗಿರಿ ಮೊಬೈಲಿನಲ್ಲೇ ಉಳಿಸಿಕೊಟ್ಟದ್ದೇ ತಡ, ಎಡೆಯ ಸಾಮಾನು ಅಲ್ಲೇ ಬಿಟ್ಟು ಮುನಿರಾಜ ಗಣಿ ಕಡೆಯ ಬಸ್ಸು ಹತ್ತಿದ.

ಕುಪ್ಪುಸ್ವಾಮಿಯ ಮನೆ ಕೇಳುತ್ತಾ ಹೋದರೆ, ಕೋರಮಂಡಲ್‌ನ ಲೈನು ಮನೆಯೊಂದರ ಮುಂದೆ ಮುದುಕನೊಬ್ಬ ಕಡಲೆಕಾಯಿ ಬಿಡಿಸುತ್ತ ಕೂತಿದ್ದ. ಬೆಳ್ಳಗಾಗಿದ್ದರೂ ಅದೇ ಮೀಸೆ. ಮುನಿರಾಜ ಹತ್ತಿರ ಹೋಗಿ ನಿಂತ.

"ನೀವು... ಮುನಿಸ್ವಾಮಪ್ಪನಾ?"

"ಮುನಿಸ್ವಾಮಪ್ಪನಾ? ಅವನು ಓಗಿ ಯಾವ ಕಾಲ ಆಯ್ತು ತಂಬಿ! ನಾನು ಕುಪ್ಪುಸ್ವಾಮಿ. ನೀನ್ಯಾರು?"

ಅಪ್ಪ ಮೋಸ ಮಾಡಿರಲಿಲ್ಲ. ಆ ಸಮಾಧಾನದ ಬೆನ್ನಿಗೇ, ಗೋಡೆಯ ಮೇಲಿರುವವನು ಅಪ್ಪನೇ ಅಲ್ಲ ಅನ್ನುವುದೂ ಖಾತ್ರಿಯಾಯಿತು. ಮುನಿರಾಜ ಅಲ್ಲೇ ಕುಸಿದು ಕೂತು, ಅಳುತ್ತಾ ಎಲ್ಲ ಒದರಿದ. ಮುದುಕ ಕಡಲೆಕಾಯಿ ಪಕ್ಕಕ್ಕಿಟ್ಟ.

"ಅಡ ಕಡವುಳೇ, ದೇವರೇ! ನನ್ಗೆ ಎಡೆ ಇಟ್ಟಿದ್ದೀಯಾ? ವರ್ಷಾ ವರ್ಷಾ ಬಾಡು ಇಟ್ಟೆ ಅಂತೀಯ, ಒಂದು ತುಂಡಾದ್ರೂ ನನ್ನ ಬಾಯಿಗೆ ಬಂತಾ! ಬೀಡಿ ನಾನು ಮುಟ್ಟಲ್ಲ. ಅದು ಸರಿಯಾಗಿ ಅವನಿಗೇ ಸೇರಿರ್ತದೆ ಬಿಡು."

ಆಮೇಲೆ ಅವನೇ ಮೊಬೈಲು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದ. "ಈ ಟವಲ್ಲು ನಿಮ್ಮಪ್ಪಂದೇ. ಒಳಗೆ ಕಲ್ಲು ಬಡ್ದು ನನ್ನ ಕುತ್ತಿಗೇಲಿ ರಕ್ತ ಬರ್ತಾ ಇತ್ತು. ತನ್ನ ಕೊರಳಿಂದ ಬಿಚ್ಚಿ ನನ್ಗೆ ಸುತ್ತಿದ. ಮೇಲಕ್ಕೆ ಬಂದ್ರೆ ಪೇಪರಿನೋರು ನಿಂತಿದ್ರು. ಅದಾಗಿ ಸ್ವಲ್ಪ ದಿನಕ್ಕೇ ಓಗ್ಬಿಟ್ಟ, ಪುಣ್ಯಾತ್ಮ. ನೋಡು, ನನ್ನ ಪಕ್ಕ ನಿಂತವ್ನಲ್ಲ, ಅವನೇ."

ಬೆರಳು ತೋರಿಸಿದ ಕಡೆ ಒಬ್ಬ ಸಣಕಲು ಮನುಷ್ಯನಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದ. ಮುಖ ಉಗುರಿನಷ್ಟು. ಮೀಸೆಯೇ ಇರಲಿಲ್ಲ.

ಮುನಿರಾಜ ಊರು ಸೇರುವ ಹೊತ್ತಿಗೆ ದೀಪ ಹಚ್ಚಿದ್ದರು. ಅಮ್ಮಾಜಮ್ಮ ಒಲೆಯ ಮೇಲೆ ಸಾರಿಟ್ಟಿದ್ದಳು. ಅವನು ಮೊಬೈಲನ್ನು ಅವಳ ಕೈಗಿಟ್ಟ.

"ಅಮ್ಮಾ, ಇದ್ರಾಗೆ ಅಪ್ಪ ಯಾರು ಏಳು."

"ಇದೇನ್ಲಾ ಕೇಳೋದು," ಎಂದು ನಗುತ್ತಾ ಅವಳು ಟವಲ್ಲಿನ ಮೇಲೆ ಬೆರಳಿಟ್ಟಳು. ಪೇಪರಿನಲ್ಲಿ ಮಸಿ ಕಲಸಿಹೋಗಿದ್ದ ಮುಖಗಳು ಇಲ್ಲಿ ಬಿಡಿಬಿಡಿಯಾಗಿದ್ದವು. ನೋಡುತ್ತಾ ನೋಡುತ್ತಾ ಬೆರಳು ಪಕ್ಕಕ್ಕೆ ಸರಿದು ನಿಂತಿತು. ನಗು ಹಾಗೇ ಆರಿತು.

"ಲೇ ಮುನ್ರಾಜ... ಇವ್ರು ಕಣೋ ನಿಮ್ಮಪ್ಪ."

"ಊಂ ಕಣಮ್ಮ."

"ಗಣಿ ಬಟ್ಟೇಲಿ ನಾನು ಅವ್ರನ್ನ ಒಂದಿನಾನೂ ಕಂಡೋಳಲ್ಲ. ಅಲ್ಲೇ ಮೈ ತೊಳ್ಕೊಂಡು ಬರೋರು. ಟವಲ್ ನಾನು ಕೊಡ್ಸಿದ್ದು, ಅದೊಂದ್ನೇ ನೋಡ್ದೆ. ಮೀಸೆ ಪೇಪರಿನ ಮಸಿ ಅಂದ್ಕೊಂಡೆ... ಪಕ್ಕದಾಗೇ ಇದ್ರಲ್ಲೋ! ಗಂಡ ಸತ್ತೋಳ ಮನೇಲಿ ಬೇರೆ ಗಂಡಸ್ರ ಮುಖ ಯಾಕೆ, ಜನ ಏನಂತಾರೆ ಅಂತ ನಾನೇ ಕತ್ರಿ ಆಕಿ ಒಲೆಗೆ ಆಕ್ಬುಟ್ನಲ್ಲೋ!"

ಅಷ್ಟರಲ್ಲಿ ಸ್ಕ್ರೀನಿನ ಬೆಳಕು ಆರಿ ಮುಖಗಳೆಲ್ಲ ಕಪ್ಪಾದವು. ಅಮ್ಮಾಜಮ್ಮ ಕಿಟಾರನೆ ಕಿರುಚಿಕೊಂಡಳು.

"ಅಯ್ಯೋ, ಮತ್ತೆ ಓಗ್ಬುಟ್ರಲ್ಲೋ!"

"ಇಲ್ಲಮ್ಮ, ಇಲ್ಲೇ ಅವ್ರೆ," ಎಂದು ಮುನಿರಾಜ ಗುಂಡಿ ಒತ್ತಿದ. ಬೆಳಕು ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಆರಿತು, ಅವನು ಮತ್ತೆ ಒತ್ತಿದ. ಒಲೆಯ ಮೇಲಿನ ಸಾರು ಸೀದು ವಾಸನೆ ಬಂದರೂ ಇಬ್ಬರೂ ಏಳಲಿಲ್ಲ.